ಟಿಎಸ್‌ಎಚ್ ಸರಿಯಾಯಿತು, ನೋವು ಹೋಗಲಿಲ್ಲ

2018ರ ಜೂನ್ ತಿಂಗಳ ರಕ್ತಪರೀಕ್ಷೆಯ ವರದಿಯಲ್ಲಿ ಥೈರಾಯ್ಡ್ ಹೇಗಿದೆ ಎಂದು ತೋರಿಸುವ ನನ್ನ ಟಿಎಸ್‌ಎಚ್ ಅಂಕಿ 2.9 ಎಂದು ಬಂದಿತ್ತು. ಹಿಂದಿನ ವರ್ಷ 18.6 ಇದ್ದದ್ದು ಅಷ್ಟಕ್ಕೆ ಇಳಿದಿದೆಯೆಂದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ ಎಂದೇ ಅರ್ಥ. ವರದಿ ನೋಡಿದ ವೈದ್ಯರು, “ಎಲ್ಲ ನಾರ್ಮಲ್ ಇದೆಯಲ್ಲಮ್ಮಾ, ಇನ್ನೆಲ್ಲಿಯ ನೋವು?” ಎಂದರು. ಅವರು ಗದರಿಸಿ ಹೇಳಿದ ಮಾತಲ್ಲ ಅದು, ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಆದರೆ ಅಂದು ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ, ಮೂರು ಕಾಲಿನ ಜಡೆಯನ್ನು ಅರ್ಧಕ್ಕೆ ತರುವಷ್ಟರಲ್ಲಿ ನನ್ನ ಎರಡೂ ತೋಳು ಸೋತು ಕೆಳಗಿಳಿದಿದ್ದವು. ಉಳಿದರ್ಧವನ್ನು ಅವಳೇ ಮುಂದಕ್ಕೆ ಎಳೆದುಕೊಂಡು ಹೆಣೆದು ಶಾಲೆಗೆ ಹೊರಟಿದ್ದಳು. ಆ ನೋವು ಎಲ್ಲಿಯದು ಎಂಬ ಪ್ರಶ್ನೆಗೆ ಫೈಬ್ರೊಮಯಾಲ್ಜಿಯ ಎಂಬ, ಮೈಯೆಲ್ಲ ಹರಡುವ ನೋವಿನ ಕಾಯಿಲೆಯೇ ಉತ್ತರ ಎಂದು ತಿಳಿಯಲು ನನಗೆ ಅಲ್ಲಿಂದ ಮುಂದೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ನನ್ನ ಹಾಗೆಯೇ ಥೈರಾಯ್ಡ್ ಮಾತ್ರೆ ನುಂಗುತ್ತಾ, ವರದಿಯನ್ನು ಸರಿಯಾಗಿಟ್ಟುಕೊಂಡು, ಮೈಯೆಲ್ಲ ನೋಯಿಸಿಕೊಂಡು ಓಡಾಡುತ್ತಿರುವ ಹೆಣ್ಣುಮಕ್ಕಳು ನಮ್ಮ ಚಿಕ್ಕಬಳ್ಳಾಪುರದ ಒಂದೊಂದು ಬೀದಿಯಲ್ಲೂ ಇದ್ದಾರೆ ಎಂಬುದು ನಾನು ಮಾತನಾಡಲು ಶುರುಮಾಡಿದ ಮೇಲೆ ತಿಳಿಯಿತು. ಅವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ಇಂದಿಗೂ ರೇಷ್ಮೆ ಹುಳು ಮೇಯಿಸುತ್ತಾರೆ. 2017ರಲ್ಲಿ, ನನಗೆ ನಲವತ್ತೊಂದು ವರ್ಷವಾಗಿದ್ದಾಗ, ಚಳಿ ತಡೆಯಲಾಗದಂತಾಯಿತು. ನಂದಿಬೆಟ್ಟದ ತಪ್ಪಲಿನ ಊರಿನಲ್ಲಿ ಧನುರ್ಮಾಸದ ಚಳಿ ಎಲ್ಲರಿಗೂ ಗೊತ್ತಿರುವುದೇ. ಆದರೆ ನಾನು ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಹುಡುಕುತ್ತಿದ್ದೆ. ಕೂದಲು ಹಿಡಿ ಹಿಡಿಯಾಗಿ ಉದುರಿತು, ಮಲಬದ್ಧತೆ ಶುರುವಾಯಿತು, ದನಿ ಗೊಗ್ಗರಾಯಿತು, ರಾತ್ರಿ ಮೀನಖಂಡದಲ್ಲಿ ಸೆಳೆತ ಬಂದು ಎದ್ದು ಕೂರುವಂತಾಯಿತು. ವೈದ್ಯರು ಮಂಚದ ಮೇಲೆ ಮಂಡಿಯೂರಿ ಕೂರಿಸಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಪಾದ ಪಟ್ಟನೆ ಆಡಿ, ಆಮೇಲೆ ಬಹಳ ನಿಧಾನವಾಗಿ, ನಿದ್ದೆಯಲ್ಲಿರುವವರ ಕಾಲಿನಂತೆ, ತನ್ನ ಜಾಗಕ್ಕೆ ಮರಳಿತು. ಥೈರಾಯ್ಡ್ ಕುಗ್ಗಿದವರಲ್ಲಿ ಕಾಣುವ ಹಳೆಯ, ನಂಬಿಕೆಯ ಗುರುತು ಅದು ಎಂದು ಅವರು ಹೇಳಿದರು. ರಕ್ತಪರೀಕ್ಷೆ ಅದನ್ನೇ ದೃಢಪಡಿಸಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ “ಥೈರಾಯ್ಡ್ ಜಾಸ್ತಿ ಆಗಿದೆ” ಎಂದು ಹೇಳಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಆಗಿರುವುದು ಥೈರಾಯ್ಡ್ ಕಡಿಮೆ. ವರದಿಯಲ್ಲಿ ಕಾಣುವ ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನಲ್ಲ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸೋಮಾರಿಯಾದಷ್ಟೂ ಪಿಟ್ಯುಟರಿ ಅದನ್ನು ಇನ್ನೂ ಜೋರಾಗಿ ಕೂಗಿ ಎಬ್ಬಿಸಲು ನೋಡುತ್ತದೆ. ಆ ಕೂಗು ಎಷ್ಟು ಜೋರಾಗಿದೆ ಎಂಬುದನ್ನು ಟಿಎಸ್‌ಎಚ್ ಅಂಕಿ ತೋರಿಸುತ್ತದೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ 0.4ರಿಂದ 4ರವರೆಗೆ ಇದ್ದರೆ ಸರಿ ಎನ್ನುತ್ತಾರೆ. ನನ್ನದು 18.6. ಜೊತೆಗೆ ಟಿಪಿಒ ಪ್ರತಿಕಾಯಗಳೂ ಬಹಳ ಹೆಚ್ಚಿದ್ದವು, ಅಂದರೆ ದೇಹದ ಕಾವಲು ವ್ಯವಸ್ಥೆಯೇ ತನ್ನ ಗ್ರಂಥಿಯನ್ನು ಹೊರಗಿನದೆಂದು ತಿಳಿದು ಅದರ ಮೇಲೆ ತಿರುಗಿಬಿದ್ದಿತ್ತು. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಉಪ್ಪಿನಲ್ಲಿ ಅಯೋಡಿನ್ ಸೇರಿಸುವುದು ವಾಡಿಕೆಯಾದ ಮೇಲೆ ಊರುಗಳಲ್ಲಿ ಥೈರಾಯ್ಡ್ ಕುಗ್ಗಲು ಅತಿ ಸಾಮಾನ್ಯ ಕಾರಣ ಇದೇ ಆಗಿದೆ.

ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಸ್ನಾಯು ನೋಯುವುದು ಊಹೆಯ ಮಾತಲ್ಲ. ಸ್ನಾಯುಗಳು ಶಕ್ತಿಯನ್ನು ಬಳಸಿಕೊಳ್ಳುವ ವೇಗವನ್ನೇ ಆ ಹಾರ್ಮೋನು ನಿಯಂತ್ರಿಸುತ್ತದೆ. ಅದು ಇಲ್ಲವಾದಾಗ ಸ್ನಾಯು ಬಿಗಿದುಕೊಳ್ಳುತ್ತದೆ, ನಿಧಾನವಾಗಿ ಸಡಿಲಗೊಳ್ಳುತ್ತದೆ, ಸೆಳೆತ ಬರುತ್ತದೆ, ತೊಡೆ ಮತ್ತು ಹೆಗಲಿನ ಬಲ ಕುಂದುತ್ತದೆ. ಸ್ನಾಯುವಿನೊಳಗಿನ ಸಿಕೆ ಎಂಬ ಕಿಣ್ವ ರಕ್ತಕ್ಕೆ ಸೋರಿ ವರದಿಯಲ್ಲಿ ಏರಿ ಕಾಣುತ್ತದೆ. ಮಣಿಕಟ್ಟಿನ ಬಳಿ ನರ ಒತ್ತಿ ಬೆರಳು ಜೋಮು ಹಿಡಿಯುವುದೂ ಉಂಟು. ಇವೆಲ್ಲ ಕಡಿಮೆಯಾದ ಹಾರ್ಮೋನನ್ನು ತುಂಬಿಕೊಡುವ ಲಿವೋಥೈರಾಕ್ಸಿನ್ ಮಾತ್ರೆಗೆ ಬಗ್ಗುವ ನೋವುಗಳು. ನನ್ನ ಚಳಿ, ಮಲಬದ್ಧತೆ, ರಾತ್ರಿಯ ಸೆಳೆತ, ಗೊಗ್ಗರು ದನಿ ಒಂದೊಂದಾಗಿ ಬಿಟ್ಟುಹೋದವು. ಆರೇಳು ತಿಂಗಳಲ್ಲಿ ನಾನು ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಪದ್ಯ ಓದುವಂತಾದೆ.

ಆದರೆ ಅವು ಹೋದ ಮೇಲೆ, ನೀರು ಇಳಿದ ಕೆರೆಯಲ್ಲಿ ಬಂಡೆ ಕಾಣಿಸುವಂತೆ, ಇನ್ನೊಂದು ನೋವು ಕಾಣಿಸಿತು. ಇದರ ಸ್ವಭಾವವೇ ಬೇರೆ. ಇದು ಒಂದು ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಕತ್ತಿನ ಹಿಂದೆ, ಎರಡೂ ಹೆಗಲ ಮೇಲೆ, ಮೊಣಕೈಯ ಪಕ್ಕದಲ್ಲಿ, ಸೊಂಟದ ಕೆಳಗೆ, ಮಂಡಿಯ ಒಳಮಗ್ಗುಲಲ್ಲಿ, ದಿನಕ್ಕೊಂದು ಕಡೆ ಹೆಚ್ಚಾಗಿ ಎಲ್ಲ ಕಡೆಯೂ ಇರುತ್ತಿತ್ತು. ಸೀರೆಯ ಸೆರಗಿಗೆ ಪಿನ್ ಹಾಕಿದ ಹೆಗಲಿನಲ್ಲಿ ಆ ಸೆರಗಿನ ಭಾರವೇ ನೋವಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಮಗುವಿನ ಶಾಲಾಚೀಲ ತೋಳಿಗೆ ತಗುಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಹುಳುವಿನ ಮನೆಯಲ್ಲಿ ಸೊಪ್ಪು ಹಾಕಿ ಬಂದವಳಂತೆ ಮೈ ಜಡವಾಗಿರುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಮರೆವು. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದೆ. “ಮಳೆಗಾಲ” ಎಂದು ಹಲಗೆಯ ಮೇಲೆ ಬರೆದು, ಮಳೆ ಮತ್ತು ಕಾಲ ಎಂದು ಬಿಡಿಸಿ ತೋರಿಸಿ, ಸಂಧಿಯ ಹೆಸರು ಹೇಳಲು ಹೊರಟರೆ ಅದು ಬಾಯಿಗೆ ಬರಲೇ ಇಲ್ಲ. ಹದಿನೆಂಟು ವರ್ಷ ಕಲಿಸಿದ ಪದ. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಆದೇಶ ಸಂಧಿ ಅಲ್ವಾ ಮೇಡಂ?” ಎಂದು ಮೆಲ್ಲಗೆ ಕೇಳಿದಳು.

ಆಗ ನಾನು ಹೋಗುತ್ತಿದ್ದ ಕಡೆ, ನೋವು ಇದೆ ಎಂದರೆ ಥೈರಾಯ್ಡ್ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ ಎಂದೇ ತೀರ್ಮಾನಿಸಿ ಮಾತ್ರೆಯನ್ನು 75ರಿಂದ 100ಕ್ಕೆ, ಅಲ್ಲಿಂದ 125 ಮೈಕ್ರೋಗ್ರಾಂಗೆ ಏರಿಸಿದರು. ಯಾವ ಆಸ್ಪತ್ರೆ, ಯಾವ ವೈದ್ಯರು ಎಂಬುದು ಮುಖ್ಯವಲ್ಲ, ಈ ತರ್ಕ ತುಂಬಾ ಕಡೆ ನಡೆಯುತ್ತದೆ. 2019ರ ಕೊನೆಗೆ ನನ್ನ ಟಿಎಸ್‌ಎಚ್ 0.08ಕ್ಕೆ ಬಿದ್ದಿತ್ತು. ಮೆಟ್ಟಿಲು ಹತ್ತಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬೆರಳು ನಡುಗುತ್ತಿದ್ದವು, ಮೊದಲೇ ಕೆಟ್ಟಿದ್ದ ನಿದ್ದೆ ಪೂರ್ತಿ ಹೋಯಿತು. ನೋವು ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಥೈರಾಕ್ಸಿನ್ ವರ್ಷಗಟ್ಟಲೆ ಮೈಯಲ್ಲಿದ್ದರೆ ಹೃದಯದ ಬಡಿತ ಲಯ ತಪ್ಪುವ ಅಪಾಯವಿದೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ನೋವಿನ ಹೆಸರು ತಿಳಿಯದೆ ಥೈರಾಯ್ಡ್ ಮಾತ್ರೆಯನ್ನೇ ಏರಿಸುತ್ತ ಹೋಗುವುದರಿಂದ ನೋವು ಹಾಗೇ ಉಳಿದು ಇನ್ನೊಂದು ಕಾಯಿಲೆ ಸೇರಿಕೊಳ್ಳುತ್ತದೆ ಎಂದು ನಾನು ಅನುಭವದಿಂದ ಹೇಳಬಲ್ಲೆ.

2021ರ ಫೆಬ್ರವರಿಯಲ್ಲಿ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ, ಬೆಂಗಳೂರಿಗೆ ಬಸ್ಸು ಹತ್ತಿ ಕೀಲು ಮತ್ತು ಸ್ನಾಯು ರೋಗಗಳ ತಜ್ಞೆಯೊಬ್ಬರನ್ನು ಕಂಡೆ. ಅವರು ವರದಿಗಳ ಕಟ್ಟನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, “ಮಾತ್ರೆ ಹೇಗೆ ತಗೊಳ್ತೀರಿ, ಹೇಳಿ” ಎಂದು. ಬೆಳಿಗ್ಗೆ ಎದ್ದು, ಹಾಲು ಬೆರೆಸಿದ ರಾಗಿ ಗಂಜಿಯ ಜೊತೆ, ಒಟ್ಟಿಗೇ ಕ್ಯಾಲ್ಸಿಯಂ ಮಾತ್ರೆಯನ್ನೂ ಎಂದು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನಾಲ್ಕು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಲಿವೋಥೈರಾಕ್ಸಿನ್ ಬಹಳ ಸೂಕ್ಷ್ಮವಾದ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕಾಫಿಯಾಗಲಿ ಗಂಜಿಯಾಗಲಿ ಬಾಯಿಗಿಡುವ ಮುನ್ನ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಬೇಕು. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಮೂಳೆಗೆ ಒಳ್ಳೆಯದಾದ ಅದೇ ಸುಣ್ಣ ಕರುಳಿನಲ್ಲಿ ಥೈರಾಕ್ಸಿನ್ನನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡಬಲ್ಲದು. ಹೀಗೆ ಒಂದು ದಿನ ಗಂಜಿಯ ಜೊತೆ, ಇನ್ನೊಂದು ದಿನ ಅವಸರದಲ್ಲಿ ಬರೀ ನೀರಿನ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ದಿನದಿನಕ್ಕೂ ಏರುಪೇರಾಗುತ್ತದೆ, ಆ ಏರುಪೇರಿನ ಮೇಲೆ ಡೋಸನ್ನು ಲೆಕ್ಕ ಹಾಕಿದರೆ ಲೆಕ್ಕವೇ ತಪ್ಪುತ್ತದೆ. ಕೂದಲಿಗೆಂದು ನುಂಗುತ್ತಿದ್ದ ಬಯೋಟಿನ್ ಮಾತ್ರೆಯನ್ನೂ ಅವರು ಪರೀಕ್ಷೆಗೆ ಮುನ್ನ ಕೆಲವು ದಿನ ನಿಲ್ಲಿಸಲು ಹೇಳಿದರು. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅಂಕಿಯನ್ನು ಸುಳ್ಳೇ ಕಡಿಮೆ ತೋರಿಸುತ್ತದೆಯಂತೆ. ಡೋಸನ್ನು ಮತ್ತೆ 75ಕ್ಕೆ ಇಳಿಸಿ, ನುಂಗುವ ಕ್ರಮ ಸರಿಪಡಿಸಿ, ಎಂಟು ವಾರ ಬಿಟ್ಟು ಬರಲು ಹೇಳಿದರು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ, ಡೋಸ್ ಬದಲಿಸಿದ ಹದಿನೈದು ದಿನಕ್ಕೆಲ್ಲ ಪರೀಕ್ಷೆ ಮಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಟಿಎಸ್‌ಎಚ್ 2.1 ಇತ್ತು. ಎದೆಯ ಡವಡವ ನಿಂತಿತ್ತು. ನೋವು ಹಾಗೇ ಇತ್ತು. ಆಗ ಅವರು ಒಂದು ಹಾಳೆ ಕೊಟ್ಟರು. ಅದರಲ್ಲಿ ಮನುಷ್ಯನ ಆಕೃತಿಯ ಎರಡು ಗೆರೆಚಿತ್ರ, ಒಂದು ಮುಂದಿನಿಂದ, ಇನ್ನೊಂದು ಹಿಂದಿನಿಂದ. ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತೋ ಅಲ್ಲೆಲ್ಲ ಪೆನ್ನಿನಿಂದ ತುಂಬಬೇಕು. ನಾನು ತುಂಬುತ್ತ ಹೋದೆ. ಮುಗಿಸಿ ನೋಡಿದರೆ ಹೊಟ್ಟೆ ಮತ್ತು ಮೊಣಕಾಲಿನ ಕೆಳಭಾಗ ಬಿಟ್ಟು ಉಳಿದದ್ದೆಲ್ಲ ನೀಲಿಯಾಗಿತ್ತು. ಅದುವರೆಗೆ ಮಾತಿನಲ್ಲಿ ಹೇಳಲಾಗದೆ ಹೋಗಿದ್ದನ್ನು ಕಾಗದದ ಮೇಲೆ ಕಂಡು ನನಗೆ ಗಂಟಲು ಕಟ್ಟಿತು. ಅವರು ಹತ್ತೊಂಬತ್ತು ಭಾಗಗಳ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡಿ, ಆಯಾಸ, ಮರೆವು ಮತ್ತು ಎದ್ದಾಗಿನ ಜಡತ್ವಕ್ಕೆ ಅಂಕ ಕೊಟ್ಟು, “ನಿಮಗಿರೋದು ಫೈಬ್ರೊಮಯಾಲ್ಜಿಯಮ್ಮಾ. ಥೈರಾಯ್ಡೂ ಇದೆ, ಇದೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು” ಎಂದರು.

ಆ ಕೊನೆಯ ಮಾತೇ ನಾನು ಇಲ್ಲಿ ಹೇಳಬೇಕೆಂದಿರುವ ಮಾತು. ಫೈಬ್ರೊಮಯಾಲ್ಜಿಯವನ್ನು ಗುರುತಿಸುವ ನಿಯಮಗಳೂ ಕಾಲಕ್ರಮದಲ್ಲಿ ಇದೇ ಕಡೆಗೆ ಸರಿದುಬಂದಿವೆ. 1990ರಲ್ಲಿ ಅಮೆರಿಕದ ಕೀಲುರೋಗ ತಜ್ಞರ ಸಂಘ ಮೈಮೇಲೆ ಹದಿನೆಂಟು ಬಿಂದುಗಳನ್ನು ಗುರುತಿಸಿ, ವೈದ್ಯರ ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು, ಅಂದರೆ ಸುಮಾರು ನಾಲ್ಕು ಕಿಲೋ ಒತ್ತಡಕ್ಕೆ, ಕನಿಷ್ಠ ಹನ್ನೊಂದು ಬಿಂದುಗಳಾದರೂ ನೋಯಬೇಕು ಎಂದಿತ್ತು. 2010ರಲ್ಲಿ ಬಿಂದುಗಳನ್ನು ಒತ್ತುವುದನ್ನು ಬಿಟ್ಟು, ನೋವು ಹರಡಿರುವ ಭಾಗಗಳ ಸಂಖ್ಯೆ ಮತ್ತು ಆಯಾಸ, ನಿದ್ದೆ, ನೆನಪಿನ ತೊಂದರೆಗಳ ತೀವ್ರತೆಯನ್ನು ಅಳೆಯುವ ಕ್ರಮ ಬಂತು. ಆದರೆ ಆಗಲೂ ಆ ನೋವಿಗೆ ಬೇರೆ ಕಾಯಿಲೆಯ ವಿವರಣೆ ಇರಬಾರದು ಎಂಬ ಷರತ್ತಿತ್ತು. 2016ರ ಪರಿಷ್ಕರಣೆಯಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಕನಿಷ್ಠ ಮೂರು ತಿಂಗಳಿಂದ ಲಕ್ಷಣಗಳಿದ್ದು, ಮೈಯ ಐದು ವಲಯಗಳಲ್ಲಿ ನಾಲ್ಕರಲ್ಲಾದರೂ ನೋವಿದ್ದು, ಅಂಕಗಳು ಹೊಂದಿದರೆ, ಬೇರೆ ಯಾವ ಕಾಯಿಲೆ ಜೊತೆಗಿದ್ದರೂ ಫೈಬ್ರೊಮಯಾಲ್ಜಿಯ ಇದೆ ಎನ್ನಬಹುದು. “ಥೈರಾಯ್ಡ್ ಇದೆಯಲ್ಲ, ಎಲ್ಲ ಅದರದೇ” ಎಂಬ ಮಾತಿಗೆ ಈಗ ನಿಯಮದ ಬೆಂಬಲವೂ ಇಲ್ಲ.

ಹಾಗಾದರೆ ಈ ನೋವು ಎಲ್ಲಿ ಹುಟ್ಟುತ್ತದೆ? ಇಪ್ಪತ್ತನೆಯ ಶತಮಾನದ ಬಹುಭಾಗ ಇದನ್ನು ಸ್ನಾಯುವಿನ ಉರಿಯೂತ ಎಂದು ತಿಳಿದಿದ್ದರು. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ ಕೊಟ್ಟ ಫೈಬ್ರೋಸೈಟಿಸ್ ಎಂಬ ಹೆಸರಿಗೆ ಅದೇ ಅರ್ಥ. ಸ್ನಾಯುವಿನ ತುಣುಕು ತೆಗೆದು ನೋಡಿದರೆ ಅಲ್ಲಿ ಉರಿಯೂತವೇ ಸಿಗಲಿಲ್ಲ, 1970ರ ದಶಕದಲ್ಲಿ ಹೆಸರು ಬದಲಾಯಿತು. 2002ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಮತ್ತು ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಒತ್ತುತ್ತ ಮಿದುಳಿನ ಸ್ಕ್ಯಾನ್ ತೆಗೆದರು. ರೋಗಿಗಳಿಗೆ ಬಹಳ ಕಡಿಮೆ ಒತ್ತಡದಲ್ಲೇ ಆರೋಗ್ಯವಂತರಿಗೆ ಹೆಚ್ಚು ಒತ್ತಡದಲ್ಲಾಗುವಷ್ಟು ನೋವಾಗುತ್ತಿತ್ತು, ಮಿದುಳಿನ ನೋವಿನ ಭಾಗಗಳೂ ಅದಕ್ಕೆ ತಕ್ಕಂತೆ ಚುರುಕಾಗುತ್ತಿದ್ದವು. ಅಂದರೆ ರೋಗಿ ನೋವನ್ನು ಹೆಚ್ಚಿಸಿ ಹೇಳುತ್ತಿಲ್ಲ. ಬೆನ್ನುಹುರಿ ಮತ್ತು ಮಿದುಳು ಸೇರಿ ಸಣ್ಣ ಸಂಕೇತವನ್ನು ದೊಡ್ಡದು ಮಾಡುತ್ತಿವೆ. ಊರ ಜಾತ್ರೆಯ ಮೈಕಿನಲ್ಲಿ ಧ್ವನಿಯ ತಿರುಪು ಪೂರ್ತಿ ಏರಿಸಿಟ್ಟರೆ ಪಿಸುಮಾತೂ ಕಿರುಚಿದಂತೆ ಕೇಳುತ್ತದಲ್ಲ, ಹಾಗೆ. ಹೀಗಾಗಿ ಫೈಬ್ರೊಮಯಾಲ್ಜಿಯದಲ್ಲಿ ಸಿಕೆ ಸರಿಯಾಗಿರುತ್ತದೆ, ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆಯಾದ ಇಎಸ್‌ಆರ್ ಸರಿಯಾಗಿರುತ್ತದೆ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಪರೀಕ್ಷೆಗಳನ್ನು ಮಾಡುವುದು ಅದನ್ನು ಕಂಡುಹಿಡಿಯಲು ಅಲ್ಲ, ಜೊತೆಗೆ ಬೇರೇನಿದೆ ಎಂದು ತಿಳಿಯಲು. ಆ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಇರಲೇಬೇಕು.

ಥೈರಾಯ್ಡಿಗೂ ಇದಕ್ಕೂ ಇರುವ ನಂಟನ್ನು ಎರಡು ಪದರವಾಗಿ ನೋಡಬೇಕು ಎಂದು ನನಗೆ ಅರ್ಥವಾಗಿದೆ. ಮೊದಲನೆಯದು ಹೋಲಿಕೆ. ಆಯಾಸ, ಮೈಕೈ ನೋವು, ಮರೆವು, ಕುಗ್ಗಿದ ಮನಸ್ಸು ಎರಡರಲ್ಲೂ ಇರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯ ಎರಡೂ ಕಡೆಗಿದೆ. ಟಿಎಸ್‌ಎಚ್ ನೋಡದೆ ಫೈಬ್ರೊಮಯಾಲ್ಜಿಯ ಎಂದುಬಿಟ್ಟರೆ, ಒಂದು ಅಗ್ಗದ ಮಾತ್ರೆಯಿಂದ ಹೋಗಬಹುದಾಗಿದ್ದ ನೋವನ್ನು ರೋಗಿ ವರ್ಷಗಟ್ಟಲೆ ಹೊರುತ್ತಾಳೆ. ಎರಡನೆಯದು ಸಹವಾಸ. ಹಶಿಮೊಟೊ ಕಾಯಿಲೆ ಇರುವವರಲ್ಲಿ ಫೈಬ್ರೊಮಯಾಲ್ಜಿಯ ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತದೆ ಎಂದು, ಫೈಬ್ರೊಮಯಾಲ್ಜಿಯ ಇರುವವರಲ್ಲಿ ಟಿಪಿಒ ಪ್ರತಿಕಾಯಗಳು ಹೆಚ್ಚಾಗಿ ಸಿಗುತ್ತವೆ ಎಂದು ಹಲವು ಅಧ್ಯಯನಗಳು ಹೇಳಿವೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಗೆ ಫೈಬ್ರೊಮಯಾಲ್ಜಿಯ ಇರುತ್ತದೆ ಎಂಬ ಅಂದಾಜಿನ ಪಕ್ಕದಲ್ಲಿಟ್ಟು ನೋಡಿದರೆ ಇದು ಅಲಕ್ಷಿಸುವ ವಿಷಯವಲ್ಲ. ಆದರೆ ಜೊತೆಗಿರುವುದೇ ಕಾರಣವಾಗಿರುವುದು ಅಲ್ಲ. ಎರಡೂ ಹೆಂಗಸರಲ್ಲಿ ಹೆಚ್ಚು, ಎರಡೂ ನಡುವಯಸ್ಸಿನಲ್ಲಿ ಹೆಚ್ಚು, ಆದ್ದರಿಂದ ಆಕಸ್ಮಿಕವಾಗಿ ಒಂದೇ ಮೈಯಲ್ಲಿ ಸೇರುವುದೂ ಉಂಟು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಇತರರೊಡನೆ ಸೇರಿ ಪ್ರಕಟಿಸಿದ ಕೆಲಸ. ಫೈಬ್ರೊಮಯಾಲ್ಜಿಯ ಇರುವವರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಇಲಿಗಳಿಗೆ ಕೊಟ್ಟಾಗ ಆ ಇಲಿಗಳು ಒತ್ತಡಕ್ಕೂ ತಂಪಿಗೂ ಅತಿಯಾಗಿ ಸ್ಪಂದಿಸಿದವು, ಆ ಪ್ರತಿಕಾಯಗಳು ದೇಹದಿಂದ ಹೋದ ಮೇಲೆ ಸರಿಹೋದವು. ದೇಹದ ಕಾವಲು ವ್ಯವಸ್ಥೆ ದಾರಿ ತಪ್ಪುವುದು ಎರಡೂ ಕಾಯಿಲೆಗಳ ಬೇರಿನಲ್ಲಿದ್ದರೆ ನಂಟು ಅಲ್ಲಿಯೇ ಇರಬಹುದು. ಇದು ನನ್ನ ಅನಿಸಿಕೆ, ಚಿಕಿತ್ಸೆ ಇನ್ನೂ ಆ ದಾರಿಯಲ್ಲಿ ಬಂದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಕೋಲಾರದ ಹಲವು ಹಳ್ಳಿಗಳು, ಆ ಕಡೆ ತುಮಕೂರಿನ ಪಾವಗಡ, ಇಲ್ಲೆಲ್ಲ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಕೈಕಾಲು ನೋವು, ಬೆಳಗಿನ ಬಿಗಿತ, ಕೀಲುಗಳಲ್ಲಿ ಹಿಡಿತ ಬರುತ್ತದೆ. ಬೆನ್ನು ಬಾಗುವುದು ಬಹಳ ತಡವಾಗಿ. ಬಾಗೇಪಲ್ಲಿ ಕಡೆಯ ನನ್ನ ಚಿಕ್ಕಮ್ಮ ಹಲವು ವರ್ಷ ವಾಯು ಎಂದು ಎಣ್ಣೆ ತಿಕ್ಕಿಸಿಕೊಂಡರು, ಆಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಅದು ಸರಿಯಾಗಿತ್ತು, ಕೊನೆಗೆ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಪಟ್ಟಿಗಳು ಸುಣ್ಣಗಟ್ಟಿದ್ದು ಕಂಡಿತು. ಅವರಿಗೆ ಬೇಕಾದದ್ದು ನನ್ನ ಮಾತ್ರೆಯಲ್ಲ, ಬೇರೆ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತಾರೆ, ಅಡುಗೆಗೂ ಅದನ್ನೇ ಬಳಸಿ ಎಂದು ನಾನು ಹೋದಾಗಲೆಲ್ಲ ಹೇಳುತ್ತೇನೆ. ಡಿ ಜೀವಸತ್ವದ ಕೊರತೆಯೂ ಹೀಗೆಯೇ ಮೂಳೆಯೊಳಗಿಂದ ನೋಯಿಸುತ್ತದೆ. ಆದ್ದರಿಂದ ಈ ಸೀಮೆಯವರು ಮೈಯೆಲ್ಲ ನೋವು ಎಂದು ಹೋದಾಗ ಥೈರಾಯ್ಡ್, ಡಿ ಜೀವಸತ್ವ, ಸಿಕೆ, ಇಎಸ್‌ಆರ್ ಜೊತೆಗೆ ಎಲ್ಲಿಯ ನೀರು ಕುಡಿಯುತ್ತೇವೆ ಎಂಬುದನ್ನೂ ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಚಿಕಿತ್ಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ. ನನಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟರು. ಖಿನ್ನತೆಗೆ ಕೊಡುವ ಮಾತ್ರೆ ಎಂದು ಅಂಗಡಿಯವರು ಹೇಳಿದಾಗ ಮನೆಯಲ್ಲಿ ಮುಖ ನೋಡಿದರು, ಆದರೆ ಇಷ್ಟು ಸಣ್ಣ ಡೋಸಿನಲ್ಲಿ ಅದು ಕೆಲಸ ಮಾಡುವುದು ನಿದ್ದೆಯ ಮೇಲೆ ಮತ್ತು ನೋವಿನ ಸಂಕೇತಗಳ ಮೇಲೆ. ಕೆಲವರಿಗೆ ಡುಲಾಕ್ಸೆಟಿನ್, ಕೆಲವರಿಗೆ ಪ್ರಿಗ್ಯಾಬಲಿನ್ ಕೊಡುತ್ತಾರೆ. ಸಾಮಾನ್ಯ ನೋವಿನ ಮಾತ್ರೆಗಳು ಇದಕ್ಕೆ ಹೆಚ್ಚು ನಾಟುವುದಿಲ್ಲ, ಹೊಟ್ಟೆ ಮತ್ತು ಮೂತ್ರಪಿಂಡ ಹಾಳಾಗುವುದೇ ಲಾಭ. ಯುರೋಪಿನ ತಜ್ಞರ ಸಂಘ 2017ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮವನ್ನು. ನೋಯುವ ಮೈಗೆ ಈ ಮಾತು ಕ್ರೂರವಾಗಿ ಕೇಳುತ್ತದೆ. ನನಗೂ ಹಾಗೇ ಕೇಳಿತು. ನಾನು ಕಂದವಾರ ಕೆರೆಯ ಏರಿಯ ಮೇಲೆ ಮೊದಲ ವಾರ ನಡೆದದ್ದು ಐದು ನಿಮಿಷ, ಕೈಗಡಿಯಾರ ನೋಡಿ. ಚೆನ್ನಾಗಿದೆ ಅನ್ನಿಸಿದ ದಿನವೂ ಐದೇ ನಿಮಿಷ. ಆ ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಹುಷಾರಾಗಿದೆ ಎಂದು ಒಂದೇ ದಿನ ಮನೆಯೆಲ್ಲ ಒರೆಸಿ, ಹಾಸಿಗೆ ಒಗೆದು, ಮೂರು ದಿನ ಮಲಗುವುದು ಇಂಥ ನೋವಿರುವ ಹೆಂಗಸರೆಲ್ಲರ ಅಭ್ಯಾಸ. ವಾರಕ್ಕೆ ಎರಡು ನಿಮಿಷ ಏರಿಸುತ್ತ ಹೋಗಿ, ನಾಲ್ಕನೇ ತಿಂಗಳಿಗೆ ಅರ್ಧ ಗಂಟೆ ನಡೆಯುವಂತಾದೆ. ನೋವು ಮಾಯವಾಗಲಿಲ್ಲ. ಹತ್ತಕ್ಕೆ ಎಂಟು ಇದ್ದದ್ದು ಹೆಚ್ಚಿನ ದಿನಗಳಲ್ಲಿ ನಾಲ್ಕಕ್ಕೆ ಬಂತು.

ಕೋಸು, ಹೂಕೋಸು ತಿನ್ನಬೇಡಿ ಎಂದು ಥೈರಾಯ್ಡ್ ಇರುವವರಿಗೆ ಎಲ್ಲರೂ ಹೇಳುತ್ತಾರೆ. ಹೂಕೋಸು ಬೆಳೆಯುವ ಊರಿನಲ್ಲಿದ್ದು ನಾನೂ ಮೂರು ವರ್ಷ ಬಿಟ್ಟಿದ್ದೆ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ, ಬೇಯಿಸಿ, ಎಲ್ಲರೂ ತಿನ್ನುವಷ್ಟು ತಿಂದರೆ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಪಲ್ಯ ಮನೆಗೆ ಮರಳಿತು. ಥೈರಾಯ್ಡನ್ನು ಬೇರುಸಹಿತ ತೆಗೆಯುತ್ತೇವೆ, ಮಾತ್ರೆ ನಿಲ್ಲಿಸಿಬಿಡಿ ಎಂದು ಪುಡಿ ಮಾರುವವರ ಮಾತನ್ನು ಮಾತ್ರ ದಯವಿಟ್ಟು ಕೇಳಬೇಡಿ. ಗ್ರಂಥಿಯೇ ಸವೆದುಹೋದವರಿಗೆ ಹೊರಗಿನಿಂದ ಬರುವ ಹಾರ್ಮೋನೇ ಆಸರೆ.

ಇಷ್ಟೆಲ್ಲದರಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಹೆಗಲಲ್ಲ, ನಂಬದಿರುವ ಮುಖಗಳು. ಹೊರಗೆ ಗಾಯವಿಲ್ಲ, ಬಾವಿಲ್ಲ, ವರದಿ ಸರಿಯಿದೆ, ಆದರೂ ನೋವು ಎನ್ನುತ್ತಾಳೆ ಎಂದರೆ ಕೆಲಸಗಳ್ಳಿ ಎಂಬ ಪದ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮನೆಯ ಗಾಳಿಯಲ್ಲಿ ಇರುತ್ತದೆ. ನನ್ನ ಯಜಮಾನರು ಒಳ್ಳೆಯವರು, ಆದರೆ ಅವರಿಗೂ ಅರ್ಥವಾದದ್ದು ನೀಲಿ ಪೆನ್ನಿನ ಆ ಹಾಳೆ ನೋಡಿದ ದಿನವೇ. ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, “ಇಷ್ಟೊಂದಾ?” ಎಂದಷ್ಟೇ ಕೇಳಿದರು. ಅಂದಿನಿಂದ ಬೆಳಗಿನ ನೀರು ತುಂಬುವ ಕೆಲಸ ಅವರದು. ವೈದ್ಯರ ಬಳಿ ಹೋಗುವ ಮುನ್ನ ಮನೆಯಲ್ಲೇ ಒಂದು ಹಾಳೆಯ ಮೇಲೆ ಆಕೃತಿ ಬರೆದುಕೊಂಡು ನೋವಿನ ಜಾಗಗಳನ್ನು ತುಂಬಿ, ಮಾತ್ರೆ ನುಂಗುವ ಹೊತ್ತು, ಅದರ ಹಿಂದೆಮುಂದೆ ತಿನ್ನುವುದು, ನಿದ್ದೆ ಎಷ್ಟು ಎಂದು ಬರೆದುಕೊಂಡು ಹೋಗಿ ಎಂದು ನನ್ನನ್ನು ಕೇಳುವವರಿಗೆಲ್ಲ ಹೇಳುತ್ತೇನೆ. ಐದು ನಿಮಿಷದ ಭೇಟಿಯಲ್ಲಿ ಬಾಯಿಮಾತಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಈಗ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡಿಸುತ್ತೇನೆ, ಡೋಸು 75ರಲ್ಲೇ ನಿಂತಿದೆ. ಕಳೆದ ತಿಂಗಳು ತವರಿನಲ್ಲಿ ಹುಳು ಹಣ್ಣಾಗಿವೆ, ಕೈ ಸಾಲುವುದಿಲ್ಲ ಎಂದು ಅಮ್ಮ ಫೋನ್ ಮಾಡಿದರು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಕಳೆದ ಹುಳು ಒಂದು ವಾರ ಹಗಲು ರಾತ್ರಿ ಸೊಪ್ಪು ತಿಂದು, ಮೈ ಹಳದಿಗೆ ತಿರುಗಿ ಹಣ್ಣಾದ ಮೇಲೆ, ಅವನ್ನು ಒಂದೊಂದಾಗಿ ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದಕ್ಕೆ ತಡಮಾಡುವಂತಿಲ್ಲ. ಮೊದಲೆಲ್ಲ ನಾನು ರಾತ್ರಿಯಿಡೀ ಬಗ್ಗಿ ನಿಂತು ಆರಿಸುತ್ತಿದ್ದೆ, ಆಮೇಲಿನ ವರ್ಷಗಳಲ್ಲಿ ಹೋಗುವುದನ್ನೇ ಬಿಟ್ಟಿದ್ದೆ. ಈ ಸಲ ಹೋದೆ. ಅಮ್ಮ ಎತ್ತರದ ಸ್ಟೂಲೊಂದನ್ನು ತಟ್ಟೆಯ ಪಕ್ಕ ತಂದಿಟ್ಟು, “ಇಲ್ಲಿ ಕೂತ್ಕೊಂಡು ಆರಿಸಮ್ಮಾ, ಸಾಕು ಅನ್ನಿಸಿದಾಗ ಏಳು” ಎಂದರು. ಇಪ್ಪತ್ತು ನಿಮಿಷ ಆರಿಸುವುದು, ಹತ್ತು ನಿಮಿಷ ಅಂಗಳದಲ್ಲಿ ನಡೆಯುವುದು, ಹೀಗೆ ಬೆಳಗಿನ ಜಾವದವರೆಗೆ ಎಂಟು ಚಂದ್ರಿಕೆ ತುಂಬಿದೆ. ಬೆಳಿಗ್ಗೆ ಐದಕ್ಕೆ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿದೆ, ಅಮ್ಮ ಗಂಜಿಯ ಲೋಟವನ್ನು ಆರಕ್ಕೆ ಕೊಟ್ಟರು.